ಬಲಿಪೀಠದ ಮುಂದೆ ನಮ್ಮ ಮೃತರು

(ಶತಮಾನೋತ್ಸವ ವರ್ಷದ ನವೆಂಬರ್ 2ರ ಸಂಜೆ, ಸಕಲ ಮೃತ ವಿಶ್ವಾಸಿಗಳ ಸ್ಮರಣೆಯ ಬಲಿಪೂಜೆಯ ನಂತರ ಸಮಾಧಿಭೂಮಿಯಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಪ್ರಬೋಧನೆ)



ನಮ್ಮ ದೇವಾಲಯಕ್ಕೆ ನೂರು ತುಂಬಿದ ಈ ಸಂವತ್ಸರದಲ್ಲಿ ಸಮಾರಂಭಗಳಿಗೇನೂ ಕೊರತೆಯಾಗಲಿಲ್ಲ. ಗೋಪುರಕ್ಕೆ ಬಣ್ಣವಾಯಿತು, ಹಿರಿಯರಿಗೆ ಸನ್ಮಾನವಾಯಿತು, ಮಕ್ಕಳ ನಾಟಕವೂ ಆಯಿತು. ಆದರೆ ಧರ್ಮಕೇಂದ್ರವೊಂದರ ಚರಿತ್ರೆಯನ್ನು ಅರಿಯಬಯಸುವವರು ತೆರೆಯಬೇಕಾದದ್ದು ಜಮಾಖರ್ಚಿನ ಪುಸ್ತಕವನ್ನಲ್ಲ. ಜ್ಞಾನಸ್ನಾನದ ದಫ್ತರ, ವಿವಾಹದ ದಫ್ತರ, ಮರಣದ ದಫ್ತರ, ಈ ಮೂರನ್ನು. ಇವುಗಳಲ್ಲಿ ಮೂರನೆಯದನ್ನು ಓದುವವರು ತೀರ ವಿರಳ. ಶಾಲೆಗೂ ಮದುವೆಗೂ ಮೊದಲನೆಯದರ ನಕಲು ಬೇಕಾಗುತ್ತದೆ. ಮರಣದ ದಫ್ತರವನ್ನು ಕೇಳಿಕೊಂಡು ಬರುವವರು ಸಾಮಾನ್ಯವಾಗಿ ಆಸ್ತಿಯ ವ್ಯಾಜ್ಯವುಳ್ಳವರು!

ಆ ದಫ್ತರವನ್ನು ನಾವು ಈ ವರ್ಷ ಮೊದಲ ಪುಟದಿಂದ ಓದಿದೆವು. ಹಳೆಯ ಪುಟಗಳು ಲತೀನ್ ಭಾಷೆಯಲ್ಲಿವೆ. ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ತೀರಿಕೊಂಡ ದಿನ, ಮಣ್ಣು ಮಾಡಿದ ದಿನ, ಕೊನೆಯ ಸಂಸ್ಕಾರಗಳನ್ನು ಪಡೆದರೋ ಇಲ್ಲವೋ ಎಂಬ ಒಂದು ಮಾತು, ಕೊನೆಗೆ ಗುರುಗಳ ರುಜು. ಒಂದು ಜೀವಕ್ಕೆ ಒಂದೇ ಸಾಲು. ವಯಸ್ಸನ್ನು ವರ್ಷಗಳಲ್ಲಲ್ಲದೆ ದಿನಗಳಲ್ಲಿ ಬರೆಯಬೇಕಾಗಿ ಬಂದ ಶಿಶುಗಳು ಎಷ್ಟೋ. ಶಿಶುವಿನ ಕೆಳಗಿನ ಸಾಲಿನಲ್ಲಿಯೇ ಅದರ ತಾಯಿ. ಒಂದೇ ಮನೆಯ ಹೆಸರು ಒಂದೇ ತಿಂಗಳಲ್ಲಿ ಮರುಕಳಿಸಿದ ಪುಟಗಳೂ ಇವೆ. ಸಿಡುಬು ಭೂಮಿಯಿಂದ ಅಳಿಯಿತೆಂದು ಲೋಕಕ್ಕೆ ಸಾರಿದ್ದು 1980ರಲ್ಲಿ. ಅದಕ್ಕಿಂತ ಬಹಳ ಮುಂಚಿನ ಪುಟಗಳನ್ನು ಓದುವಾಗ, ನಮ್ಮ ಅಜ್ಜಂದಿರು ಕಟ್ಟಿದ್ದು ದೇವಾಲಯವನ್ನು ಮಾತ್ರವಲ್ಲ, ಕಣ್ಣೀರನ್ನು ನುಂಗಿ ಬಾಳುವ ಒಂದು ಜನಾಂಗವನ್ನು ಎಂದು ತಿಳಿಯುತ್ತದೆ.

ಆದರೆ ಈ ನೆಲದಲ್ಲಿ ಮಲಗಿರುವವರೆಲ್ಲರೂ ಆ ದಫ್ತರದಲ್ಲಿಲ್ಲ. ಅಗೋ, ಹುಣಿಸೆಮರದ ಆಚೆ, ಪೂರ್ವದ ಗೋಡೆಯುದ್ದಕ್ಕೂ ಶಿಲುಬೆಯಿಲ್ಲದ, ಕಲ್ಲಿಲ್ಲದ ಒಂದು ಪಟ್ಟಿ ನೆಲ ನಿಮಗೆ ಕಾಣುತ್ತಿದೆ. ಕಲ್ಲರೆ ಹಬ್ಬಕ್ಕೆಂದು ನೀವು ಸಮಾಧಿಗಳ ಹುಲ್ಲು ಕಿತ್ತು, ಸುಣ್ಣ ಬಳಿದು, ಚೆಂಡುಹೂವಿನ ಹಾರ ಹಾಕುವಾಗ ಆ ಮೂಲೆಯ ಹುಲ್ಲು ಹಾಗೆಯೇ ಉಳಿಯುತ್ತದೆ. ಹಿರಿಯರಿಗೆ ಅದು ಯಾರ ಜಾಗವೆಂದು ಗೊತ್ತು. ಕಿರಿಯರಿಗೆ ಯಾರೂ ಹೇಳಿಲ್ಲ. ಜ್ಞಾನಸ್ನಾನಕ್ಕೆ ಮುಂಚೆಯೇ ಕಣ್ಮುಚ್ಚಿದ ಹಸುಗೂಸುಗಳೂ, ತಮ್ಮ ಕೈಯಾರೆ ಪ್ರಾಣ ಕಳೆದುಕೊಂಡವರೂ ಅಲ್ಲಿದ್ದಾರೆ. ಅವರನ್ನು ಕುರಿತು ಈ ಸಂಜೆ ನಾವು ಮಾತನಾಡಬೇಕಾಗಿದೆ.

ಸತ್ತವರಿಗಾಗಿ ಪ್ರಾರ್ಥಿಸುವುದು ಯಾಕೆ ಎಂದು ನಮ್ಮನ್ನು ಕೇಳಿದಾಗಲೆಲ್ಲ ನಾವು ಮಕ್ಕಬಿಯರ ಎರಡನೆಯ ಪುಸ್ತಕದ ಹನ್ನೆರಡನೆಯ ಅಧ್ಯಾಯವನ್ನು ಉದ್ಧರಿಸುತ್ತೇವೆ. ಯೂದ ಮಕ್ಕಬಿಯನು ರಣರಂಗದಲ್ಲಿ ಮಡಿದವರಿಗಾಗಿ ಎರಡು ಸಾವಿರ ಬೆಳ್ಳಿಯ ದ್ರಾಖ್ಮಗಳನ್ನು ಸಂಗ್ರಹಿಸಿ, ಪಾಪಪರಿಹಾರದ ಬಲಿಯನ್ನು ಅರ್ಪಿಸಲೆಂದು ಜೆರುಸಲೇಮಿಗೆ ಕಳುಹಿಸಿದನೆಂಬುದು ನಮಗೆಲ್ಲ ಕಂಠಪಾಠ. ಆದರೆ ಆ ಮಡಿದವರು ಎಂಥವರೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಶವಗಳನ್ನು ಎತ್ತಲು ಹೋದವರಿಗೆ ಅವರ ಅಂಗಿಗಳೊಳಗೆ ಯಾಮ್ನಿಯದ ವಿಗ್ರಹಗಳ ತಾಯಿತಗಳು ಸಿಕ್ಕವು. ಧರ್ಮಶಾಸ್ತ್ರವು ಕಟ್ಟುನಿಟ್ಟಾಗಿ ನಿಷೇಧಿಸಿದ್ದ ವಸ್ತುಗಳವು. ಅವರ ಸಾವಿಗೆ ಇದೇ ಕಾರಣವೆಂದು ಅಂದಿನ ಜನ ಬಹಿರಂಗವಾಗಿಯೇ ಭಾವಿಸಿದರು. ಹಾಗೆ ಭಾವಿಸಿದ ಮೇಲೆ ಅವರನ್ನು ಅಲ್ಲಿಯೇ ಬಿಟ್ಟು ಬರಬಹುದಾಗಿತ್ತು. ಯೂದನು ಬಿಡಲಿಲ್ಲ. ಪುನರುತ್ಥಾನವುಂಟೆಂದು ನಂಬಿದವನು ತನ್ನ ಪಡೆಯ ಕಳಂಕಿತರನ್ನೂ ಲೆಕ್ಕದಿಂದ ಕೈಬಿಡಲಾರನು. ಮೃತರಿಗಾಗಿ ಪ್ರಾರ್ಥನೆಯೆಂಬ ನಮ್ಮ ಪರಂಪರೆಗೆ ಆಧಾರವಾದ ಈ ವಾಕ್ಯಭಾಗವು ಪುಣ್ಯಪುರುಷರ ಸಮಾಧಿಯ ಬಳಿ ಹುಟ್ಟಿದ್ದಲ್ಲ. ತಮ್ಮವರೇ ನಾಚಿಕೆಪಡುವಂತೆ ಸತ್ತವರ ಶವಗಳ ಬಳಿ ಹುಟ್ಟಿದ್ದು.

ಇನ್ನೊಂದು ನಿದರ್ಶನ. ಗ್ರೆಗೋರಿಯನ್ ಪೂಜೆಗಳೆಂದು ನಾವು ಹೇಳುವ, ಮೂವತ್ತು ದಿನ ಎಡೆಬಿಡದೆ ಒಬ್ಬರೇ ಮೃತರಿಗಾಗಿ ಅರ್ಪಿಸುವ ಬಲಿಪೂಜೆಗಳನ್ನು ನಿಮ್ಮಲ್ಲಿ ಕೆಲವರು ಮಾಡಿಸಿದ್ದೀರಿ. ಅದರ ಮೂಲವನ್ನು 590ರಿಂದ 604ರವರೆಗೆ ಜಗದ್ಗುರುಗಳಾಗಿದ್ದ ಸಂತ ಗ್ರೆಗೋರಿಯವರೇ ತಮ್ಮ ಸಂವಾದಗಳ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ರೋಮಿನಲ್ಲಿ ಅವರು ಸ್ಥಾಪಿಸಿದ ಮಠದಲ್ಲಿ ಜುಸ್ತುಸ್ ಎಂಬ ವೈದ್ಯಸನ್ಯಾಸಿಯಿದ್ದನು. ಸ್ವಂತಕ್ಕೆ ಏನನ್ನೂ ಇಟ್ಟುಕೊಳ್ಳಬಾರದೆಂಬ ವ್ರತವಿದ್ದರೂ ಔಷಧಗಳ ನಡುವೆ ಮೂರು ಚಿನ್ನದ ನಾಣ್ಯಗಳನ್ನು ಬಚ್ಚಿಟ್ಟಿದ್ದನು. ಅವನು ಮರಣಶಯ್ಯೆಯಲ್ಲಿರುವಾಗ ಅದು ಹೊರಬಿದ್ದಿತು. ಸೋದರ ಸನ್ಯಾಸಿಗಳಾರೂ ಅವನ ಬಳಿ ಹೋಗಕೂಡದೆಂದೂ, ಸತ್ತ ಮೇಲೆ ಆ ನಾಣ್ಯಗಳೊಡನೆ ಅವನನ್ನು ತಿಪ್ಪೆಯಲ್ಲಿ ಹೂಳಬೇಕೆಂದೂ ಗ್ರೆಗೋರಿಯವರು ಆಜ್ಞಾಪಿಸಿದರು. ಹಾಗೆಯೇ ಆಯಿತು. ಆದರೆ ಮೂವತ್ತು ದಿನ ಕಳೆಯುವಷ್ಟರಲ್ಲಿ ಅವರ ಮನಸ್ಸು ಕರಗಿತು. ಇನ್ನು ಮೂವತ್ತು ದಿನ ಒಂದು ದಿನವೂ ತಪ್ಪದಂತೆ ಅವನಿಗಾಗಿ ಬಲಿಯನ್ನು ಅರ್ಪಿಸಿರೆಂದು ಹೇಳಿದರು. ಬಳಿಕ ಅವನು ತನ್ನ ಸಹೋದರನಾದ ಕೊಪಿಯೋಸುಸನಿಗೆ ಕಾಣಿಸಿಕೊಂಡು, ತಾನೀಗ ಸುಖವಾಗಿರುವೆನೆಂದು ತಿಳಿಸಿದನಂತೆ.

ಈ ದರ್ಶನವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ಬೇರೆ ಮಾತು, ಅದು ವಿಶ್ವಾಸಸತ್ಯವೇನಲ್ಲ. ಆದರೆ ತಿಪ್ಪೆಯಲ್ಲಿ ಹೂತವನಿಗೂ ಬಲಿಪೀಠದಲ್ಲಿ ಸ್ಥಾನವುಂಟೆಂದು ಕಂಡುಕೊಂಡ ಆ ಮಹಾಪುರುಷರ ಹೃದಯವನ್ನು ನೋಡಿರಿ. ಇಂದು ಅತ್ಯಂತ ಗೌರವದ್ದೆಂದು ನಾವು ಎಣಿಸುವ ಪೂಜಾಕ್ರಮವು ಆರಂಭವಾದದ್ದು ಸಮಾಧಿಭೂಮಿಯ ಹೊರಗೆ ಬಿದ್ದವನೊಬ್ಬನಿಗಾಗಿ.

ಕಲ್ಲಿನ ವಿಷಯವಾಗಿ ಹೆಚ್ಚು ಹೇಳುವುದು ಬೇಡ. ಅಮೃತಶಿಲೆಯ ಸಮಾಧಿ ಕಟ್ಟಿಸಿದವರು ಪ್ರೀತಿಯಿಂದಲೇ ಕಟ್ಟಿಸಿರುತ್ತಾರೆ. ಆದರೂ ಸಂತ ಮೋನಿಕಾರ ಕೊನೆಯ ದಿನಗಳನ್ನು ನೆನೆಯುವುದೊಳ್ಳೆಯದು. ಪತಿಯ ಪಕ್ಕದಲ್ಲಿಯೇ ಮಣ್ಣಾಗಬೇಕೆಂದು ಆಕೆ ಆಫ್ರಿಕದ ತಮ್ಮ ಊರಿನಲ್ಲಿ ಸಮಾಧಿಯನ್ನು ಸಿದ್ಧಮಾಡಿಸಿದ್ದರು. 387ರಲ್ಲಿ, ಊರಿಗೆ ಹಿಂದಿರುಗುವ ದಾರಿಯಲ್ಲಿ, ಒಸ್ತಿಯ ಬಂದರಿನಲ್ಲಿ ಜ್ವರ ಬಂದು ಮಲಗಿದಾಗ ಆ ಆಸೆಯನ್ನೇ ಬಿಟ್ಟುಕೊಟ್ಟರು. ದೇಹವನ್ನು ಎಲ್ಲಿಯಾದರೂ ಹೂಳಿರಿ, ಆದರೆ ಪ್ರಭುವಿನ ಬಲಿಪೀಠದಲ್ಲಿ ನನ್ನನ್ನು ನೆನೆಯಿರಿ ಎಂಬುದು ಮಗ ಅಗಸ್ಟೀನರಿಗೆ ಆಕೆ ಮಾಡಿದ ಬಿನ್ನಹದ ಸಾರ. ಮರಳಿ ಊರು ಕಾಣದೆ ಕೊಲ್ಲಿ ದೇಶಗಳಲ್ಲೋ ಮುಂಬಯಿಯಲ್ಲೋ ಮಣ್ಣಾದ ನಮ್ಮವರ ಮನೆಗಳಿಗೆ ಈ ಮಾತು ಎಷ್ಟು ಸಾಂತ್ವನದ್ದೆಂದು ಬಲ್ಲವರೇ ಬಲ್ಲರು.

ಈಗ ಆ ಗೋಡೆಯ ಬಳಿಗೆ ಬರೋಣ. 1917ರ ಧರ್ಮಸಭಾ ಕಾನೂನು ಸಂಹಿತೆಯು ಉದ್ದೇಶಪೂರ್ವಕವಾಗಿ ಪ್ರಾಣ ತೆಗೆದುಕೊಂಡವರಿಗೆ, ಅವರು ಸಾಯುವ ಮುನ್ನ ಪಶ್ಚಾತ್ತಾಪದ ಚಿಹ್ನೆ ತೋರದಿದ್ದಲ್ಲಿ, ಧರ್ಮಸಭೆಯ ಅಂತ್ಯಸಂಸ್ಕಾರವನ್ನು ನಿರಾಕರಿಸಿತ್ತು. ಜ್ಞಾನಸ್ನಾನವಿಲ್ಲದೆ ತೀರಿಕೊಂಡವರಿಗೂ ಅದಿರಲಿಲ್ಲ. ಇಂಥವರಿಗಾಗಿ ಆಶೀರ್ವದಿಸಿದ ನೆಲದಿಂದ ಬೇರೆಯಾದ ಒಂದು ಸ್ಥಳವಿರಬೇಕೆಂದೂ ಆ ಸಂಹಿತೆ ವಿಧಿಸಿತ್ತು. ನಮ್ಮ ಗೋಡೆಯ ಮೂಲೆಯು ಹೀಗೆ ಉಂಟಾಯಿತು. ಇಲ್ಲಿದ್ದ ಗುರುಗಳ ಕ್ರೌರ್ಯದಿಂದಲ್ಲ. ಜೀವವು ದೇವರ ಸೊತ್ತೆಂಬ ಸತ್ಯವನ್ನು ಜನರ ಮನಸ್ಸಿನಲ್ಲಿ ಊರಿಸಲು ಆ ಕಾಲ ಕಂಡುಕೊಂಡ ಮಾರ್ಗವದು. ಸತ್ಯ ಇಂದಿಗೂ ಅದೇ. ಆದರೆ ಶಿಕ್ಷೆ ಸತ್ತವನಿಗಿಂತ ಹೆಚ್ಚಾಗಿ ಅವನ ತಾಯಿಗೆ ತಟ್ಟುತ್ತಿತ್ತು.

ದ್ವಿತೀಯ ವ್ಯಾಟಿಕನ್ ಮಹಾಸಭೆಯ ತರುವಾಯ, 1969ರಲ್ಲಿ ಬಂದ ಹೊಸ ಅಂತ್ಯಸಂಸ್ಕಾರ ವಿಧಿಯಲ್ಲಿ, ಜ್ಞಾನಸ್ನಾನ ಮಾಡಿಸಬೇಕೆಂದು ತಂದೆತಾಯಿಗಳು ಬಯಸಿದ್ದರೂ ಅದಕ್ಕೆ ಮೊದಲೇ ತೀರಿಕೊಂಡ ಶಿಶುಗಳಿಗಾಗಿ ಪ್ರಾರ್ಥನೆಗಳನ್ನು ಸೇರಿಸಲಾಯಿತು. ನಾವು ಗುರುವಿದ್ಯಾಮಂದಿರದಲ್ಲಿ ಓದುತ್ತಿದ್ದಾಗ, 1983ರಲ್ಲಿ, ಹೊಸ ಸಂಹಿತೆ ಹೊರಬಂದಿತು. ಅಂತ್ಯಸಂಸ್ಕಾರ ನಿರಾಕರಿಸಬೇಕಾದವರ ಅದರ ಪಟ್ಟಿಯಲ್ಲಿ ಆತ್ಮಹತ್ಯೆ ಮಾಡಿಕೊಂಡವರ ಉಲ್ಲೇಖವೇ ಇಲ್ಲ. 1992ರ ಧರ್ಮೋಪದೇಶ ಗ್ರಂಥವು ಇನ್ನೂ ಮುಂದೆ ಹೋಗಿ, ಅವರ ನಿತ್ಯರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದೆಂದೂ, ದೇವರು ತಾನೊಬ್ಬನೇ ಬಲ್ಲ ಮಾರ್ಗದಿಂದ ಅವರಿಗೆ ಪಶ್ಚಾತ್ತಾಪದ ಅವಕಾಶವನ್ನು ಕೊಡಬಲ್ಲನೆಂದೂ ಬೋಧಿಸುತ್ತದೆ. ಮನೋವ್ಯಾಧಿ, ತೀವ್ರ ಸಂಕಟ, ಭಯ ಇವು ಮನುಷ್ಯನ ಹೊಣೆಯನ್ನು ಕುಗ್ಗಿಸುತ್ತವೆಂಬುದನ್ನೂ ಅದು ಒಪ್ಪಿದೆ. ಸಾಲದ ಹೊರೆಗೆ ಬೆದರಿದ ರೈತನನ್ನೂ, ಪರೀಕ್ಷೆಯ ಫಲಿತಾಂಶಕ್ಕೆ ಅಂಜಿದ ಹುಡುಗಿಯನ್ನೂ ಬಲ್ಲ ನಮ್ಮ ನಾಡಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಸುಗೂಸುಗಳ ಮಾತಿಗೆ ಬಂದರೆ, ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು 2007ರಲ್ಲಿ ಪ್ರಕಟಿಸಿದ ದೀರ್ಘ ಪರಿಶೀಲನೆಯು ಅವರ ರಕ್ಷಣೆಯನ್ನು ನಿರೀಕ್ಷಿಸಲು ನಮಗೆ ಗಂಭೀರವಾದ ಆಧಾರಗಳಿವೆಯೆಂದು ಹೇಳಿತು.

ಕಾನೂನು ಬದಲಾಗಿ ನಾಲ್ಕು ದಶಕಗಳು ದಾಟಿವೆ. ಹುಲ್ಲು ಮಾತ್ರ ಬೆಳೆಯುತ್ತಲೇ ಇದೆ. ಸಂಹಿತೆಯನ್ನು ತಿದ್ದುವುದು ರೋಮಿಗೆ ಸಾಧ್ಯ. ಮನೆಯವರ ಬಾಯಿಗೆ ಬಿದ್ದ ಬೀಗವನ್ನು ತೆಗೆಯುವುದು ಧರ್ಮಕೇಂದ್ರದಿಂದ ಮಾತ್ರ ಸಾಧ್ಯ.

ಮೌನಕ್ಕೆ ಸಂದ ಇನ್ನೊಂದು ಗುಂಪೂ ಈಚೆಗೆ ಸೇರಿದೆ. 2020 ಮತ್ತು 2021ರ ಮಹಾಮಾರಿಯ ಕಾಲದಲ್ಲಿ ನಾಲ್ಕೈದು ಜನರ ಎದುರಿನಲ್ಲಿ, ಮುಖ ನೋಡಲೂ ಆಗದಂತೆ, ಪೂಜೆಯಿಲ್ಲದೆ ಹೋದವರು. ಕೆಲವರನ್ನು ದಹನ ಮಾಡಬೇಕಾಯಿತು. ಇದರಿಂದ ಅವರಿಗೇನೋ ಕೊರತೆಯಾಯಿತೆಂದು ಮನೆಯವರು ಇಂದಿಗೂ ಕೊರಗುವುದುಂಟು. ದಹನವನ್ನು ಧರ್ಮಸಭೆಯು 1963ರಲ್ಲಿಯೇ ಅನುಮತಿಸಿದೆ. ಭೂಸಮಾಧಿಯೇ ಶ್ರೇಷ್ಠವೆನ್ನುತ್ತದೆ, ಅಷ್ಟೆ. ಚಿತಾಭಸ್ಮವನ್ನು ಮನೆಯಲ್ಲಿಟ್ಟುಕೊಳ್ಳದೆ ಪವಿತ್ರ ಸ್ಥಳದಲ್ಲಿ ಇಡಬೇಕೆಂದು 2016ರಲ್ಲಿ ಸ್ಪಷ್ಟಪಡಿಸಲಾಗಿದೆ. ಇನ್ನೂ ಕಪಾಟಿನಲ್ಲಿ ಇಟ್ಟುಕೊಂಡಿರುವವರು ತನ್ನಿರಿ. ಸಂಕೋಚ ಬೇಡ.

ಕಾಣಿಕೆಯ ಬಗ್ಗೆಯೂ ಎರಡು ಮಾತು. ಹೆಸರು ಬರೆದ ಲಕೋಟೆಯಲ್ಲಿ ಹಣವಿಟ್ಟರೆ ಮಾತ್ರ ಹೆಸರು ಪೀಠಕ್ಕೆ ಹೋಗುತ್ತದೆಂಬ ತಿಳುವಳಿಕೆ ಕೆಲವರಲ್ಲಿದೆ. ಅದು ತಪ್ಪು. ಬಡವರ ಕೋರಿಕೆಗಳಿಗೆ ಕಾಣಿಕೆಯಿಲ್ಲದಿದ್ದರೂ ಪೂಜೆ ಅರ್ಪಿಸಬೇಕೆಂದು ಸಂಹಿತೆಯೇ ಗುರುಗಳಿಗೆ ಒತ್ತಾಯದ ಸಲಹೆ ಮಾಡುತ್ತದೆ. ಇಂದಿನ ದಿನ ಪ್ರತಿಯೊಬ್ಬ ಗುರುವೂ ಮೂರು ಪೂಜೆಗಳನ್ನು ಅರ್ಪಿಸಬಹುದೆಂಬ ಅನುಮತಿಯನ್ನು 1915ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ, ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಕೊಟ್ಟರು. ಮೂರರಲ್ಲಿ ಒಂದು ಸಕಲ ಮೃತ ವಿಶ್ವಾಸಿಗಳಿಗಾಗಿಯೇ ಮೀಸಲು. ಹತ್ತನೆಯ ಶತಮಾನದ ಕೊನೆಗೆ ಕ್ಲುನಿಯ ಮಠಾಧಿಪತಿ ಸಂತ ಒದಿಲೊ ಈ ದಿನವನ್ನು ತಮ್ಮ ಮಠಗಳಲ್ಲಿ ಆರಂಭಿಸಿದಾಗಲೂ ಉದ್ದೇಶ ಇದೇ: ಹೆಸರು ಹೇಳುವವರಿಲ್ಲದವರೂ ಬಿಟ್ಟುಹೋಗಬಾರದು. ನಮ್ಮ ನೆರೆಯ ಹಿಂದೂ ಬಾಂಧವರು ಮಹಾಲಯ ಅಮಾವಾಸ್ಯೆಯಂದು ತಿಥಿ ತಿಳಿಯದ ಹಿರಿಯರನ್ನೂ ನೆನೆಯುತ್ತಾರೆ. ಅವರ ನಂಬಿಕೆಯ ದಾರಿ ಬೇರೆ. ಯಾರೂ ಮರೆತುಹೋಗಬಾರದೆಂಬ ಆ ತವಕ ನಮಗೆ ಅಪರಿಚಿತವಲ್ಲ.

ಮೃತರು ಎಲ್ಲಿದ್ದಾರೆ, ಅವರಿಗೆ ಇನ್ನೆಷ್ಟು ಶುದ್ಧೀಕರಣವಿದೆ ಎಂಬುದನ್ನು ಅಳೆಯುವ ಕೋಲು ನಮ್ಮ ಕೈಯಲ್ಲಿಲ್ಲ. ನಮ್ಮ ಅಜ್ಜಿಯರು ‘ಉತ್ತರಿಸುವ ಸ್ಥಳ’ವೆನ್ನುತ್ತಿದ್ದರು. ಅದನ್ನು ಬೆಂಕಿಯ ಕುಂಡದಂತೆ ಚಿತ್ರಿಸಿ ಮಕ್ಕಳನ್ನು ಹೆದರಿಸುವುದೂ ಇತ್ತು. 1563ರಲ್ಲಿ ಟ್ರೆಂಟ್ ಮಹಾಸಭೆಯು ಹೇಳಿದ್ದು ಇಷ್ಟೇ: ಶುದ್ಧೀಕರಣವೆಂಬುದುಂಟು, ಅಲ್ಲಿರುವವರಿಗೆ ನಮ್ಮ ಪ್ರಾರ್ಥನೆಗಳಿಂದ, ವಿಶೇಷವಾಗಿ ಬಲಿಪೂಜೆಯಿಂದ, ಸಹಾಯವಾಗುತ್ತದೆ. ಕುತೂಹಲದ ಕಥೆಗಳನ್ನು ಬೋಧಿಸಬೇಡಿರೆಂದು ಅದೇ ಸಭೆ ಎಚ್ಚರಿಸಿತು. ಈ ಎಚ್ಚರಿಕೆಯನ್ನು ಬೋಧಕರು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲವೆನ್ನಬೇಕು.

ಇನ್ನು ಮಾಡಬೇಕಾದ ಕೆಲಸ. ದೇವಾಲಯದ ಮುಂಬಾಗಿಲಲ್ಲಿ ನವೆಂಬರ್ ತಿಂಗಳಿಡೀ ಒಂದು ಪುಸ್ತಕವನ್ನು ತೆರೆದಿಡುತ್ತೇವೆ. ಹಳೆಯ ದಫ್ತರದಲ್ಲಿಲ್ಲದ ಹೆಸರುಗಳನ್ನು ಅದರಲ್ಲಿ ಬರೆಯಬಹುದು. ಹೇಗೆ ಸತ್ತರು ಎಂದು ಯಾರೂ ಕೇಳುವುದಿಲ್ಲ. ಆ ಕಾಲಂ ಅದರಲ್ಲಿಲ್ಲ. ಹೆಸರಿಡುವ ಮುನ್ನವೇ ಹೋದ ಮಗುವಾದರೆ ತಾಯಿಯ ಹೆಸರನ್ನು ಬರೆದರೆ ಸಾಕು. ಬರೆಯಲು ಬಾರದವರು ನಮ್ಮ ಬಳಿ ಬಂದು ಕಿವಿಯಲ್ಲಿ ಹೇಳಬಹುದು. ತಿಂಗಳ ಕೊನೆಯ ಶನಿವಾರದ ಪೂಜೆಯಲ್ಲಿ ಹಳೆಯ ದಫ್ತರದ ಹೆಸರುಗಳನ್ನೂ ಈ ಪುಸ್ತಕದ ಹೆಸರುಗಳನ್ನೂ ಬೇರೆಬೇರೆ ಮಾಡದೆ ಓದಲಾಗುವುದು. ಹೊತ್ತು ಹಿಡಿಯುತ್ತದೆ, ಮಕ್ಕಳಿಗೆ ಊಟ ಮಾಡಿಸಿಕೊಂಡು ಬನ್ನಿರಿ.

ಪ್ರತಿ ವರ್ಷ ತೀರ್ಥ ಚಿಮುಕಿಸುವ ಮೆರವಣಿಗೆಯು ದೊಡ್ಡ ಶಿಲುಬೆಯ ಬಳಿ ಆರಂಭವಾಗಿ ಹುಣಿಸೆಮರದ ಬಳಿ ತಿರುಗಿ ಹಿಂದಕ್ಕೆ ಬರುತ್ತಿತ್ತು. ಇಂದು ಅದು ಪೂರ್ವದ ಗೋಡೆಯಿಂದ ಆರಂಭವಾಗುತ್ತದೆ. ಆ ನೆಲವನ್ನು ಮೊದಲು ಆಶೀರ್ವದಿಸಿ, ಅನಂತರ ಉಳಿದ ಸಮಾಧಿಗಳಿಗೆ ಬರುತ್ತೇವೆ. ಯುವಕರು ಬೆಳಿಗ್ಗೆಯೇ ಅಲ್ಲಿಗೆ ಒಂದು ಕಾಲುದಾರಿಯನ್ನು ಸವರಿದ್ದಾರೆ. ಆದರೂ ಕತ್ತಲಾಗಿದೆ, ಹಿರಿಯರು ನೋಡಿಕೊಂಡು ನಡೆಯಿರಿ. ಮೇಣದಬತ್ತಿ ಹೆಚ್ಚಿಗೆ ತಂದವರು ಒಂದೊಂದನ್ನು ಅಲ್ಲಿ ಹಚ್ಚಿಡಿರಿ. ಗಾಯನವೃಂದದವರು ಮುಂದೆ ಬರಲಿ.