ಕಂಪ್ಯೂಟರಿನ ಕಡತಕ್ಕೂ ಒಂದು ಸರ್ವೆ ನಂಬರು
(ರಜತ ಮಹೋತ್ಸವ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)

ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟು ನೇಗಿಲು ಹಿಡಿದವನು ನಾನು. ಕಂಪ್ಯೂಟರ್ ಬಗ್ಗೆ ಮಾತಾಡು ಅಂದರೆ ನನಗೇ ನಗು ಬರುತ್ತೆ. ಆದರೂ ಆಡಳಿತ ಮಂಡಳಿ ಒಪ್ಪಿಸಿದ ಕೆಲಸ.

ಹೋದ ವರ್ಷ ನಮ್ಮೂರಿನ ಒಬ್ಬ ತಾಯಿ, ತೀರಿಹೋದ ಯಜಮಾನರ ಬೇಬಾಕಿ ಪತ್ರದ ನಕಲು ಕೇಳಿಕೊಂಡು ಸಂಘಕ್ಕೆ ಬಂದರು. ಸಾಲ ತೀರಿದ್ದು ನಮಗೆಲ್ಲ ಗೊತ್ತು. ಪತ್ರ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದ್ದೂ ಗೊತ್ತು. ಎಲ್ಲಿದೆ ಅನ್ನೋದೇ ಗೊತ್ತಿಲ್ಲ! ತೆರೆದು ನೋಡಿದರೆ ‘ಹೊಸದು’, ‘ಹೊಸದು 2’, ‘ಫೈನಲ್’, ‘ಫೈನಲ್ ಕೊನೇದು’. ಆಕೆ ಮೂರು ದಿನ ಕೂಲಿ ಬಿಟ್ಟು ಬಂದು ಬರಿಗೈಲಿ ಹೋದರು. ನಿರ್ದೇಶಕನಾಗಿ ನಾನು ತಲೆ ತಗ್ಗಿಸಿದೆ.

ಆಗ ನೆನಪಾದದ್ದು ಪಹಣಿ. ಜಮೀನು ಅಪ್ಪನಿಂದ ಮಗನಿಗೆ ಬರಲಿ, ಮಾರಾಟವೇ ಆಗಲಿ, ಹುಡುಕೋದು ಸರ್ವೆ ನಂಬರಿನಿಂದಲೇ. ಪಾಲಾದರೆ 45/1, 45/2 ಅಂತ ಹಿಸ್ಸಾ ಬೀಳುತ್ತೆ. ಗ್ರಂಥಾಲಯದವರೂ ಹೀಗೇ, ಮೆಲ್ವಿಲ್ ಡ್ಯೂಯಿ ಎಂಬಾತ 1876ರಲ್ಲೇ ಪುಸ್ತಕಗಳಿಗೆ ದಶಮಾಂಶ ಅಂಕಿ ಹಾಕಿ ತೋರಿಸಿದ. ಕಂಪ್ಯೂಟರ್ ಕಡತಗಳಿಗೆ ‘ಜಾನಿ ಡೆಸಿಮಲ್’ ಅನ್ನೋ ಪದ್ಧತಿಯೇ ಇದೆ. ದೊಡ್ಡ ವಿಭಾಗ ಹತ್ತು ದಾಟಬಾರದು, ಒಂದೊಂದರ ಒಳಗೂ ಹತ್ತು ದಾಟಬಾರದು.

ನಾವು ಮಾಡಿಕೊಂಡದ್ದು ಹೀಗೆ: 10ರಿಂದ 19 ಆಡಳಿತ, 20ರಿಂದ 29 ಸಾಲ, 30ರಿಂದ 39 ಠೇವಣಿ, 40ರಿಂದ 49 ಗೊಬ್ಬರ-ಬೀಜ. ಸಾಲದೊಳಗೆ 21 ಬೆಳೆಸಾಲ, 22 ಮಧ್ಯಮಾವಧಿ ಸಾಲ, 23 ಬೇಬಾಕಿ ಪತ್ರ. ಅದರೊಳಗೆ ವರ್ಷಕ್ಕೊಂದು, 23.01, 23.02. ಆ ಸೊನ್ನೆ ಬಿಡಬೇಡಿ. ಅಕ್ಷರಕ್ರಮದಲ್ಲಿ ಜೋಡಿಸುವ ಕಡೆ 10 ಅನ್ನೋದು 2ಕ್ಕಿಂತ ಮುಂದೆ ಹೋಗಿ ಕೂತುಬಿಡುತ್ತೆ. ತಾರೀಖನ್ನೂ ವರ್ಷ, ತಿಂಗಳು, ದಿನ ಅಂತ ಬರೆದರೆ ಸಾಲಾಗಿ ನಿಲ್ಲುತ್ತವೆ.

ಸದಸ್ಯರ ಹೆಸರಲ್ಲೇ ಇಡಬಹುದಲ್ಲ ಅಂತ ಒಬ್ಬರು ನಿರ್ದೇಶಕರು ಕೇಳಿದರು. ಒಂದೇ ಹೆಸರಿನವರು ಊರಲ್ಲಿ ಎಷ್ಟು ಮಂದಿ ಇದ್ದಾರೆ ಅಂತ ನಿಮಗೇ ಗೊತ್ತು! ಹೆಸರು ಇರಲಿ, ನಂಬರಿನ ಹಿಂದೆ ಇರಲಿ. ಯಾವ ನಂಬರು ಯಾವುದಕ್ಕೆ ಅನ್ನೋ ಪಟ್ಟಿಯನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇವೆ. ಕಾರ್ಯದರ್ಶಿ ಬದಲಾದರೂ ಗೋಡೆ ಅಲ್ಲೇ ಇರುತ್ತಲ್ಲ. ಬೀರುವಿನ ಕಾಗದದ ಫೈಲಿಗೂ ಅದೇ ನಂಬರು. ಆದರೆ ನಂಬರು ಹಾಕಿದ ಮಾತ್ರಕ್ಕೆ ಕಡತ ಭದ್ರ ಅಂದುಕೋಬೇಡಿ, ಬೇರೆ ಕಡೆ ಇನ್ನೊಂದು ಪ್ರತಿ ಇರಲೇಬೇಕು.

ಆ ತಾಯಿಯ ಪತ್ರ ಕೊನೆಗೂ ಸಿಕ್ತು, ವಾರ್ಷಿಕ ಸಭೆಯ ಫೋಟೋಗಳ ಮಧ್ಯೆ! ಮನೆಗೇ ಹೋಗಿ ಕೊಟ್ಟು ಬಂದೆ. ಹಳೇ ಕಡತಗಳು ಇನ್ನೂ ರಾಶಿ ಬಿದ್ದಿವೆ. ಮಂಗಳವಾರ ಸಂಜೆ ಕಾರ್ಯದರ್ಶಿಗಳೂ ನಾನೂ ಕೂರುತ್ತೇವೆ. ಓದಿದ ಹುಡುಗ ಹುಡುಗಿಯರು ಬಂದು ಕೈಜೋಡಿಸಬೇಕು ಅಂತ ಕೇಳಿಕೊಳ್ಳುತ್ತೇನೆ.