ಸೀಲು ಅಂಗಡಿಯ ಹಬ್ಬದ ಕಾರ್ಡು



ಬೆಂಗಳೂರಿನ ಲಗ್ಗೆರೆಯನ್ನು ಕಲೆಯ ಊರು ಅಂತ ಯಾರೂ ಕರೆದದ್ದಿಲ್ಲ. ಒಂದು ಕಡೆ ಪೀಣ್ಯ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ನಂದಿನಿ ಲೇಔಟು, ಪಕ್ಕದಲ್ಲೇ ಹೊರವರ್ತುಲ ರಸ್ತೆ. ಗಲ್ಲಿಗಳಲ್ಲಿ ಲೇತು, ಪವರ್ ಪ್ರೆಸ್ಸು, ಗಾರ್ಮೆಂಟ್ಸಿನ ಹೊಲಿಗೆ ಯಂತ್ರ, ಹಗಲೆಲ್ಲ ಸದ್ದು. ಇಂಥ ಗಲ್ಲಿಯ ಬಾಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇದ್ದೇ ಇರುತ್ತದೆ, ಅದರ ಬೋರ್ಡಿನಲ್ಲಿ ಲ್ಯಾಮಿನೇಷನ್ ಕೆಳಗೆ 'ರಬ್ಬರ್ ಸ್ಟ್ಯಾಂಪ್' ಅಂತ ಒಂದು ಸಾಲು. ಅಲ್ಲಿಗೆ ವರ್ಷವಿಡೀ ಬರುವುದು ಒಂದೇ ಥರದ ಆರ್ಡರು: ಪ್ರೊಪ್ರೈಟರು, ಖಜಾಂಚಿ, ಕಾರ್ಯದರ್ಶಿ, ಜಿಎಸ್‌ಟಿ ನಂಬರು. ಡಿಸೆಂಬರ್ ಹೊತ್ತಿಗೆ ಮಾತ್ರ ಒಬ್ಬಿಬ್ಬರು ಬೇರೆ ಗಿರಾಕಿಗಳು ಕಾಣಿಸಿಕೊಳ್ಳುತ್ತಾರೆ. ಒಬ್ಬ ಹೆಣ್ಣುಮಗಳು ಮೊಬೈಲಿನಲ್ಲಿ ಕಬ್ಬಿನ ಜಲ್ಲೆಯ ಚಿತ್ರ ತೋರಿಸಿ ಕೇಳುತ್ತಾಳೆ: "ಅಣ್ಣಾ, ಇದನ್ನ ಸೀಲ್ ಮಾಡ್ಕೊಡ್ತೀರಾ?"

"ಯಾವ ಸಂಘದ್ದಕ್ಕಾ?"

"ಸಂಘದ್ದಲ್ಲಣ್ಣಾ, ಸಂಕ್ರಾಂತಿ ಕಾರ್ಡಿಗೆ."

ಅಂಗಡಿಯವರು ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಸೀಲು ಎಂದರೆ ನಮ್ಮಲ್ಲಿ ಮೊದಲಿನಿಂದಲೂ ಅಧಿಕಾರದ ವಸ್ತು. ಅರಸರು ಭೂಮಿ ದಾನ ಕೊಟ್ಟರೆ ತಾಮ್ರದ ಹಲಗೆಗಳ ಮೇಲೆ ಶಾಸನ ಕೊರೆಸಿ, ತೂತಿನಲ್ಲಿ ಬಳೆ ಪೋಣಿಸಿ, ಬಳೆಯ ತುದಿಗಳು ಕೂಡುವ ಕಡೆ ರಾಜಮುದ್ರೆ ಕೂರಿಸುತ್ತಿದ್ದರು. ಗಂಗರದು ಆನೆ, ಬಾದಾಮಿ ಚಾಲುಕ್ಯರದು ವರಾಹ, ರಾಷ್ಟ್ರಕೂಟರದು ಗರುಡ. ಓದಲು ಬಾರದವನಿಗೂ ಆ ಪ್ರಾಣಿ ಕಂಡರೆ ಸಾಕು, ಇದು ಯಾರ ಆಜ್ಞೆ ಎಂದು ತಿಳಿಯುತ್ತಿತ್ತು. ಬಹಳ ಮುಂದೆ, 1937ರಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯಲ್ಲಿ ಮೊಹರು ಒತ್ತುವ ಅರಗೂ ತಯಾರಾಗುತ್ತಿತ್ತು. 1962ರ ಚುನಾವಣೆಯಿಂದ ಈಚೆಗೆ ನಮ್ಮ ಬೆರಳಿಗೆ ಹಚ್ಚುವ ಅಳಿಸದ ಶಾಯಿಯೂ ಅಲ್ಲಿಯದೇ. ನೋಡಿ, ಸರ್ಕಾರಕ್ಕೆ ಕಾಗದದ ಮೇಲೆ ಒತ್ತಿದ್ದು ಸಾಲದೆ ಹೋಯಿತು!

ಆದರೆ ಮನೆಯೊಳಗೆ ಅಚ್ಚು ಇರಲಿಲ್ಲವೇ? ಧಾರಾಳವಾಗಿ ಇತ್ತು. ಮಾಧ್ವರ ಮನೆಗಳ ದೇವರ ಪೆಟ್ಟಿಗೆಯಲ್ಲಿ ಶಂಖ, ಚಕ್ರ, ಗದೆ, ಪದ್ಮ, ನಾರಾಯಣ ಎಂಬ ಪುಟ್ಟ ಲೋಹದ ಮುದ್ರೆಗಳು ಇಂದಿಗೂ ಇವೆ. ತೇಯ್ದ ಗೋಪೀಚಂದನದಲ್ಲಿ ಅದ್ದಿ ಮೈಮೇಲೆ ಒತ್ತಿಕೊಳ್ಳುತ್ತಾರೆ. ಗಂಧ ನೀರಾದರೆ ಗೆರೆ ಹರಡುತ್ತದೆ, ಗಟ್ಟಿಯಾದರೆ ಅರ್ಧ ಮುದ್ರೆ ಮೂಡುತ್ತದೆ. ಸ್ಟ್ಯಾಂಪ್ ಪ್ಯಾಡಿಗೆ ಎಷ್ಟು ಶಾಯಿ ಹಾಕಬೇಕೆಂದು ಪರದಾಡುವವರು ಆ ಮನೆಯ ಹಿರಿಯರನ್ನು ಕೇಳಬಹುದು. ಇನ್ನು ಹಳೇ ಮೈಸೂರಿನ ಕಡೆ ಸಂಕ್ರಾಂತಿ ಹತ್ತಿರ ಬಂದರೆ ಅಟ್ಟದಿಂದ ಸಕ್ಕರೆ ಅಚ್ಚಿನ ಮರದ ಪಡಿಯಚ್ಚುಗಳು ಇಳಿಯುತ್ತವೆ. ಅವನ್ನು ನೀರಿನಲ್ಲಿ ನೆನೆಹಾಕಿ, ಹೋಳುಗಳನ್ನು ಜೋಡಿಸಿ ಬಿಗಿಯಾಗಿ ಕಟ್ಟಿ, ಹಾಲು ಹಾಕಿ ಕೊಳೆ ತೆಗೆದ ಸಕ್ಕರೆ ಪಾಕವನ್ನು ಬಿಸಿಯಾಗಿರುವಾಗಲೇ ಹೊಯ್ಯುತ್ತಾರೆ. ಆರಿದ ಮೇಲೆ ಬಿಚ್ಚಿದರೆ ತುಳಸಿಕಟ್ಟೆ, ಗಿಳಿ, ಆನೆ. ಅದನ್ನು ಎಳ್ಳುಬೆಲ್ಲದ ತಟ್ಟೆಯಲ್ಲಿಟ್ಟು ಮನೆಮನೆಗೆ ಬೀರುವುದು. ನನ್ನ ಲೆಕ್ಕದಲ್ಲಿ ಕನ್ನಡನಾಡಿನ ಹಬ್ಬದ ಕಾರ್ಡು ಅಂತ ಒಂದಿದ್ದರೆ ಮೊದಲು ಅದೇ. ಅಂಚೆಗೆ ಹಾಕಲು ಬರುವುದಿಲ್ಲ, ಅಷ್ಟೆ.

ಅಂಚೆಗೆ ಹಾಕುವ ಕಾರ್ಡು ಬಂದದ್ದು ಲಂಡನ್ನಿನಿಂದ. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿ ಕಾಸಿಗೆ ದೇಶದಲ್ಲಿ ಎಲ್ಲಿಗೆ ಬೇಕಾದರೂ ಕಾಗದ ಕಳಿಸುವ ವ್ಯವಸ್ಥೆ ಬಂತು. ಅದನ್ನು ಜಾರಿಗೆ ತರಲು ದುಡಿದವರಲ್ಲಿ ಹೆನ್ರಿ ಕೋಲ್ ಒಬ್ಬ. ಅಂಚೆ ಅಗ್ಗವಾದ ಮೇಲೆ ಕಾಗದಗಳು ಹೆಚ್ಚಿದವು, ಕ್ರಿಸ್‌ಮಸ್ಸಿಗೆ ಎಲ್ಲರಿಗೂ ಉತ್ತರ ಬರೆಯುವುದು ಕೋಲ್‌ನ ಕೈಯಲ್ಲೂ ಆಗಲಿಲ್ಲ. 1843ರಲ್ಲಿ ಹಾರ್ಸ್‌ಲಿ ಎಂಬ ಚಿತ್ರಗಾರನಿಂದ ಒಂದು ಚಿತ್ರ ಬರೆಸಿ, ಸಾವಿರದಷ್ಟು ಪ್ರತಿ ಅಚ್ಚು ಹಾಕಿಸಿ, ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಶಿಲ್ಲಿಂಗಿಗೊಂದರಂತೆ ಮಾರಿಸಿದ. ಮೇಜಿನ ಸುತ್ತ ಕೂತು ದ್ರಾಕ್ಷಾರಸ ಕುಡಿಯುವ ಸಂಸಾರದ ಚಿತ್ರ ಅದು. ಪುಟ್ಟ ಮಗುವಿನ ಬಾಯಿಗೂ ಲೋಟ ಹಿಡಿದಿದ್ದರಿಂದ ಪಾನನಿರೋಧದವರು ಕೂಗಾಡಿದರು. ಅದೇ 1843ರ ಜುಲೈಯಲ್ಲಿ ನಮ್ಮ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ. ಅಚ್ಚಿನ ಯಂತ್ರ ನಮ್ಮಲ್ಲೂ ಬಂದಿತ್ತು ಅನ್ನುವುದಕ್ಕೆ ಹೇಳಿದೆ. ಅದರಲ್ಲಿ ಯುಗಾದಿಯ ಶುಭಾಶಯ ಒತ್ತಿಸಬೇಕೆಂಬ ಆಲೋಚನೆಗೆ ಕಾಲ ಇನ್ನೂ ಕೂಡಿಬಂದಿರಲಿಲ್ಲ.

ರಬ್ಬರಿನ ಕಥೆ ಇದಕ್ಕಿಂತ ತಮಾಷೆಯದು. ಹಸಿ ರಬ್ಬರು ಬಿಸಿಲಿಗೆ ಅಂಟು, ಚಳಿಗೆ ಕಲ್ಲು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿ ಕಾಯಿಸಿದರೆ ಅದು ಹದವಾಗಿ ನಿಲ್ಲುತ್ತದೆಂದು ಕಂಡುಕೊಂಡ, 1844ರಲ್ಲಿ ಪೇಟೆಂಟ್ ಪಡೆದ. ಇದರಿಂದ ಮೊದಲು ಲಾಭ ಮಾಡಿಕೊಂಡವರಲ್ಲಿ ಹಲ್ಲಿನ ಡಾಕ್ಟರುಗಳೂ ಇದ್ದರು. ಕಟ್ಟಿಸಿದ ಹಲ್ಲಿಗೆ ಗಟ್ಟಿ ರಬ್ಬರಿನ ವಸಡು ಮಾಡಲು ಅವರ ಬಳಿ ಒಂದು ಪುಟ್ಟ ಒತ್ತಡದ ಪಾತ್ರೆ ಇರುತ್ತಿತ್ತು. 1860ರ ದಶಕದಲ್ಲಿ ಅದೇ ಪಾತ್ರೆಯೊಳಗೆ ಅಚ್ಚುಮೊಳೆಗಳ ಪಡಿಯಚ್ಚಿಟ್ಟು ರಬ್ಬರ್ ಬೇಯಿಸಿದವರಿಂದ ರಬ್ಬರ್ ಸ್ಟ್ಯಾಂಪು ಹುಟ್ಟಿತು. ಮೊದಲು ಮಾಡಿದ್ದು ನಾನೇ ಎಂದು ಹೇಳಿಕೊಂಡವರು ಒಬ್ಬರಿಗಿಂತ ಹೆಚ್ಚು ಇದ್ದಾರೆ, ಆ ಜಗಳ ನಮಗೆ ಬೇಡ. ಇವತ್ತು ಪೀಣ್ಯದ ಕಡೆ ವಾಷರು, ಗ್ಯಾಸ್ಕೆಟ್ಟು ಮಾಡುವ ರಬ್ಬರ್ ಮೌಲ್ಡಿಂಗ್ ಶೆಡ್ಡುಗಳಲ್ಲಿ ನಡೆಯುವುದೂ ಇದೇ ಕೆಲಸ: ಹಸಿ ರಬ್ಬರು, ಅಚ್ಚು, ಒತ್ತಡ, ಬಿಸಿ.

ಭಾರತದಲ್ಲಿ 1854ರ ಅಕ್ಟೋಬರಿನಿಂದ ದೇಶಕ್ಕೆಲ್ಲ ಒಂದೇ ಅಂಚೆಚೀಟಿ ಬಂತು. 1879ರ ಜುಲೈಯಲ್ಲಿ ಕಾಲಾಣೆಯ ಕಾರ್ಡು ಬಂತು. ಅಂಚೆ ಕಚೇರಿಯ ಠಸ್ಸೆಯ ಟಕ್ ಟಕ್ ಸದ್ದು ಹಳ್ಳಿಗೂ ಗೊತ್ತಾಯಿತು. ಕಚೇರಿಗಳಲ್ಲಿ ಕೋರೆಸ್, ಕ್ಯಾಮ್ಲಿನ್ ಪ್ಯಾಡುಗಳು ಸೇರಿಕೊಂಡವು. ಒಂದೇ ಗುರುತು, ಸಾವಿರ ಸಲ, ಒಂಚೂರೂ ವ್ಯತ್ಯಾಸವಿಲ್ಲದೆ ಮೂಡಬೇಕು. ಸ್ಟ್ಯಾಂಪಿನಿಂದ ಗುಮಾಸ್ತರು ಬೇಡಿದ್ದು ಇಷ್ಟೇ.

ಇದನ್ನು ದಾರಿ ತಪ್ಪಿಸಿದವರು ಕಲಾವಿದರು ಮತ್ತು ಮಕ್ಕಳು. ಜರ್ಮನಿಯ ಕುರ್ಟ್ ಶ್ವಿಟರ್ಸ್ ಮೊದಲ ಮಹಾಯುದ್ಧ ಮುಗಿದ ಹೊಸದರಲ್ಲೇ ಕಚೇರಿಯ ರಬ್ಬರ್ ಸ್ಟ್ಯಾಂಪುಗಳನ್ನು ತನ್ನ ಚಿತ್ರಗಳಲ್ಲಿ ಅಡ್ಡಾದಿಡ್ಡಿ ಒತ್ತಿದ. ಜಪಾನಿನಲ್ಲಿ ಹೊಸವರ್ಷದ ಕಾರ್ಡುಗಳನ್ನು ಅಂಚೆಯವರು ಕೂಡಿಟ್ಟುಕೊಂಡು ಜನವರಿ 1ರಂದು ಹಂಚುತ್ತಾರೆ. ಆ ಕಾರ್ಡುಗಳಿಗಾಗಿ ಮನೆಯವರೇ ಗೆಡ್ಡೆಯಲ್ಲೋ ಪೆನ್ಸಿಲ್ ಅಳಿಸುವ ರಬ್ಬರಿನಲ್ಲೋ ಆ ವರ್ಷದ ಪ್ರಾಣಿಯನ್ನು ಕೆತ್ತುವ ರೂಢಿಯಿದೆ. ನಮ್ಮ ಶಾಲೆಗಳಲ್ಲಿ ಇದೇ ಕೆಲಸಕ್ಕೆ ಬೆಂಡೆಕಾಯಿ. ಅಡ್ಡಕ್ಕೆ ಕತ್ತರಿಸಿದರೆ ಐದೆಸಳಿನ ಹೂವು ತಯಾರಾಗಿಯೇ ಇರುತ್ತದೆ. ಸ್ವಲ್ಪ ಒಣಗಿಸಿಕೊಳ್ಳದಿದ್ದರೆ ಲೋಳೆಗೆ ಬಣ್ಣ ಜಾರುತ್ತದೆ.

ಬೆಂಡೆಕಾಯಿಯ ಮೇಲಿನ ತರಗತಿ ಹವಾಯಿ ಚಪ್ಪಲಿ. ಉಂಗುಷ್ಟ ಕಿತ್ತುಹೋದ ಹಳೇ ಚಪ್ಪಲಿಯಿಂದ ಬೆಂಕಿಪೊಟ್ಟಣದಷ್ಟು ತುಂಡು ಕತ್ತರಿಸಿ, ಬಾಲ್‌ಪೆನ್ನಿನಲ್ಲಿ ಚಿತ್ರ ಬರೆದು, ಬ್ಲೇಡನ್ನು ಓರೆ ಹಿಡಿದು ಸುತ್ತಲಿನ ರಬ್ಬರನ್ನು ತೆಗೆಯುತ್ತಾ ಬರಬೇಕು. ಬ್ಲೇಡು ನೆಟ್ಟಗೆ ಇಳಿದರೆ ಗೆರೆಯ ಬುಡ ಸಡಿಲಾಗಿ ಒತ್ತಿದಾಗ ಮಗುಚಿಕೊಳ್ಳುತ್ತದೆ. ಚಪ್ಪಲಿ ಸ್ಪಂಜಿನದಾದ್ದರಿಂದ ಅಚ್ಚಿನ ತುಂಬ ಸಾಸಿವೆಯಂಥ ಬಿಳಿ ಚುಕ್ಕಿಗಳು ಉಳಿಯುತ್ತವೆ. ಹೂವಿಗೆ, ಹಣತೆಗೆ ಅದೇ ಚೆಂದ. ಅಕ್ಷರಕ್ಕೆ ಬಂದಾಗ ಗೊತ್ತಾಗುತ್ತದೆ ಕಷ್ಟ. ತಿರುಗುಮುರುಗಾಗಿ ಕೆತ್ತಬೇಕು, ಸೊನ್ನೆಯೊಂದಕ್ಕೆ ಮಾತ್ರ ವಿನಾಯಿತಿ. ಇಂಗ್ಲಿಷಿನ ನೇರ ಗೀಟುಗಳನ್ನು ಬ್ಲೇಡಿನಿಂದ ಎಳೆದುಬಿಡಬಹುದು, ನಮ್ಮ 'ಶುಭಾಶಯ'ದ ದುಂಡುಗಳಿಗೆ ಬ್ಲೇಡನ್ನಲ್ಲ, ರಬ್ಬರನ್ನೇ ತಿರುಗಿಸುತ್ತಾ ಹೋಗಬೇಕು.

ಮನೆಯಲ್ಲಿ ಹೀಗೆ ಕೆತ್ತುತ್ತಿದ್ದರೆ, ಇತ್ತ ಅಂಗಡಿಯ ಕಾರ್ಡು ಮನೆಮಾತಾಗಿತ್ತು. 1949ರಲ್ಲಿ ಯುನಿಸೆಫ್ ತನ್ನ ಮೊದಲ ಕಾರ್ಡು ಹೊರಡಿಸಿತು. ಯುದ್ಧದಲ್ಲಿ ನಲುಗಿದ ಚೆಕೊಸ್ಲೊವಾಕಿಯಾದ ಏಳು ವರ್ಷದ ಹುಡುಗಿ, ಕಾಗದ ಸಿಗದೆ ಗಾಜಿನ ಮೇಲೆ ಬರೆದ ಚಿತ್ರ ಅದು. 1979ರಲ್ಲಿ ನಮ್ಮ ದೇಶದಲ್ಲಿ ಎರಡು ಶುರುವಾದವು: ಮುಂಬೈಯಲ್ಲಿ ರಿಪ್ಪನ್ ಕಪೂರ್ ಕಟ್ಟಿದ ಕ್ರೈ ಸಂಸ್ಥೆ, ದೆಹಲಿಯಲ್ಲಿ ಆರ್ಚೀಸ್ ಕಂಪನಿ. ಒಂದು ಕಾರ್ಡು ಮಾರಿ ಮಕ್ಕಳಿಗೆ ದುಡ್ಡು ಕೂಡಿಸಿತು, ಇನ್ನೊಂದು ಮಕ್ಕಳಿಂದಲೇ ದುಡ್ಡು ತೆಗೆಸಿತು. ಇವೆರಡೂ ಇಂಗ್ಲಿಷ್ ಬಲ್ಲವರ ಕಾರ್ಡು. ನಮ್ಮ ಊರುಗಳಲ್ಲಿ 1980, 90ರ ದಶಕಗಳಲ್ಲಿ ಸಂಕ್ರಾಂತಿಗೆ ಮುಂಚೆ ಪೆಟ್ಟಿಗೆ ಅಂಗಡಿಯ ಹಗ್ಗಕ್ಕೆ ನೇತು ಬೀಳುತ್ತಿದ್ದದ್ದು ಬೇರೆಯೇ: ಚಿಲ್ಲರೆ ಕಾಸಿಗೆ ಸಿಗುತ್ತಿದ್ದ, ಬಣ್ಣ ತುಸು ಆಚೀಚೆಯಾದ, ರಾಜ್‌ಕುಮಾರ್, ವಿಷ್ಣುವರ್ಧನ್, ಅಂಬರೀಷ್ ಚಿತ್ರದ ಕಾರ್ಡುಗಳು. ಯಾರಿಗೆ ಯಾವ ನಟನ ಕಾರ್ಡು ಕೊಟ್ಟರು ಎಂಬುದರ ಮೇಲೆ ತರಗತಿಯಲ್ಲಿ ಸ್ನೇಹ ಜಗಳ ನಿರ್ಧಾರವಾಗುತ್ತಿತ್ತು. ರಾಜ್‌ಕುಮಾರ್ ಸಮಾಧಿ ಇರುವ ಕಂಠೀರವ ಸ್ಟುಡಿಯೋ ಲಗ್ಗೆರೆಗೆ ಹತ್ತಿರವೇ. ಅಲ್ಲಿಗೆ ಬರುವ ನಡುವಯಸ್ಸಿನವರನ್ನು ಕೇಳಿ, ಒಂದಾದರೂ ಕಾರ್ಡು ಟ್ರಂಕಿನಲ್ಲಿ ಇದೆ ಅಂತಾರೆ. ಮೊಬೈಲು ಬಂತು, ಮೆಸೇಜು ಬಂತು, ಹಗ್ಗದ ಕಾರ್ಡು ಹೋಯಿತು. ಇದಕ್ಕೆ ನಾನು ಕಣ್ಣೀರು ಹಾಕುವವನಲ್ಲ. ಅಂಗಡಿಯ ಕಾರ್ಡು ಖಾಲಿ ಮಾಡಿದ ಜಾಗದಲ್ಲೇ ಕೈಯಲ್ಲಿ ಮಾಡಿದ ಕಾರ್ಡು ಬಂದು ಕೂತಿದೆ. ಸುಲಭದ ಕೆಲಸವೆಲ್ಲ ವಾಟ್ಸಾಪಿಗೆ ಹೋದ ಮೇಲೆ, ಕಾರ್ಡು ಕಳಿಸುವವರು ಕಷ್ಟಪಟ್ಟದ್ದು ಕಾಣುವಂಥದ್ದನ್ನೇ ಕಳಿಸತೊಡಗಿದರು.

ಸ್ಟ್ಯಾಂಪು ಒತ್ತಿ ಕಾರ್ಡು ಮಾಡುವ ಈ ಹವ್ಯಾಸ ಈಗಿನ ರೂಪದಲ್ಲಿ ಬೆಳೆದದ್ದು ಅಮೆರಿಕದಲ್ಲಿ, 1970, 80ರ ದಶಕಗಳಲ್ಲಿ. ಅದರ ಸಾಮಾನು ಈಗ ಬೆಂಗಳೂರಿನಲ್ಲೂ ಸಿಗುತ್ತದೆ: ಪಾರದರ್ಶಕ ಸ್ಟ್ಯಾಂಪಿನ ಹಾಳೆಗಳು, ಅಕ್ರಿಲಿಕ್ ಹಿಡಿ, ಹೊಳೆಯುವ ಪುಡಿ. ನನ್ನ ತಕರಾರು ಇಲ್ಲೇ. ಆ ಹಾಳೆಗಳಲ್ಲಿ ಬರೀ ಹಿಮ. ಹಿಮದ ಮನುಷ್ಯ, ಹಿಮಸಾರಂಗ, ಹಿಮ ಹೊತ್ತ ಮರ. ಲಗ್ಗೆರೆಯ ಕ್ರೈಸ್ತರ ಮನೆಯ ಮುಂದೆ ಡಿಸೆಂಬರಿನಲ್ಲಿ ತೂಗುವುದು ಕಾಗದದ ನಕ್ಷತ್ರ, ಒಳಗೆ ಕರಿಯುವುದು ಕಲ್‌ಕಲ್. ಅವೆರಡೂ ಆ ಹಾಳೆಯಲ್ಲಿಲ್ಲ. ಎಳ್ಳುಬೆಲ್ಲ, ಬೇವಿನ ಎಲೆ, ಬನ್ನಿ ಎಲೆ, ಕನ್ನಡ ಅಕ್ಷರ ಹುಡುಕಲೇಬೇಡಿ. ಅಚ್ಚು ಕೊರೆಯುವವನ ಹಬ್ಬವೇ ಕಾರ್ಡಿನ ಮೇಲೆ ಬರುವುದು. 1843ರ ದ್ರಾಕ್ಷಾರಸದ ಲೋಟದಿಂದಲೂ ಹೀಗೇ. ಆದ್ದರಿಂದಲೇ ಕಬ್ಬಿನ ಜಲ್ಲೆಯ ಚಿತ್ರ ತಂದ ಆ ಹೆಣ್ಣುಮಗಳು ದೊಡ್ಡ ಅಂಗಡಿ ಬಿಟ್ಟು ಗಲ್ಲಿಯ ಸೀಲು ಅಂಗಡಿಗೆ ಬಂದದ್ದು.

ಅಲ್ಲಿ ಈಗ ಮೊಳೆ ಜೋಡಿಸಿ ರಬ್ಬರ್ ಬೇಯಿಸುವವರು ಕಡಿಮೆ. ಚಿತ್ರವನ್ನು ಫಿಲಂ ಮೇಲೆ ನೆಗೆಟಿವ್ ಮಾಡಿ, ಎರಡು ಗಾಜಿನ ನಡುವೆ ಜೇನಿನಂಥ ಪಾಲಿಮರ್ ದ್ರವ ಹೊಯ್ದು, ನೇರಳಾತೀತ ಬೆಳಕಿಗೆ ಇಡುತ್ತಾರೆ. ಬೆಳಕು ತಾಗಿದ ಕಡೆ ಗಟ್ಟಿ, ಉಳಿದದ್ದನ್ನು ಬ್ರಷ್ಷಿನಿಂದ ತೊಳೆದುಬಿಡುವುದು. ಲೇಸರ್ ಯಂತ್ರ ಇದ್ದವರು ರಬ್ಬರ್ ಹಾಳೆಯನ್ನು ನೇರವಾಗಿ ಸುಟ್ಟು ಕೆತ್ತುತ್ತಾರೆ. ಮರದ ಅಚ್ಚೇ ಬೇಕೆನ್ನುವವರು ಬಟ್ಟೆಗೆ ಒತ್ತುವ ಸಾಗುವಾನಿ ಅಚ್ಚುಗಳನ್ನು ತಂದು ಸೀರೆಯಂಚಿನ ಬಳ್ಳಿಯನ್ನು ಕಾರ್ಡಿಗೆ ಇಳಿಸುತ್ತಾರೆ.

ಕಾಗದಕ್ಕೆ ಬೆಂಗಳೂರಿನ ಸುಲ್ತಾನ್‌ಪೇಟೆಗೆ ಹೋದರೆ ಮದುವೆ ಕಾರ್ಡಿನ ದಪ್ಪ ಹಾಳೆ ಬೇಕಾದಷ್ಟು. ನುಣುಪಿನ ಹಾಳೆ ಮಾತ್ರ ಬೇಡ. ಸ್ಟ್ಯಾಂಪ್ ಪ್ಯಾಡಿನ ಶಾಯಿ ಬೇಗ ಆರದಂತೆ ಗ್ಲಿಸರಿನ್ ಥರದ ವಸ್ತು ಬೆರೆಸಿರುತ್ತಾರೆ. ಕಾಗದ ಹೀರಿಕೊಳ್ಳದಿದ್ದರೆ ಮರುದಿನವೂ ಬೆರಳಿಗೆ ಅಂಟುತ್ತದೆ. ಉಬ್ಬು ಗೆರೆಯ ಪುಡಿ ಉದುರಿಸಿದವರು ಕೂದಲು ಒಣಗಿಸುವ ಯಂತ್ರ ಹಿಡಿದರೆ ಪುಡಿಯೆಲ್ಲ ಹಾರಿಹೋಗುತ್ತದೆ. ಕಾದ ಇಸ್ತ್ರಿ ಪೆಟ್ಟಿಗೆಯ ಮೇಲ್ಗಡೆ, ಸ್ವಲ್ಪ ಎತ್ತರದಲ್ಲಿ, ಕಾರ್ಡಿನ ಬೆನ್ನು ಕೆಳಗಾಗುವಂತೆ ಹಿಡಿದರೆ ಪುಡಿ ಕರಗಿ ಗೆರೆ ಉಬ್ಬಿ ನಿಲ್ಲುತ್ತದೆ. ಕಟ್ಟಲು ರಿಬ್ಬನ್ನು, ಲೇಸಿನ ತುಂಡು ಲಗ್ಗೆರೆಯಲ್ಲಿ ಹುಡುಕಬೇಕಾಗಿಲ್ಲ, ಗಾರ್ಮೆಂಟ್ಸಿಗೆ ಹೋಗುವವರು ಮನೆಗೊಬ್ಬರಿದ್ದಾರೆ. ಕಾರ್ಡು ಮಾರಿದರೆ ಸಂಸಾರ ನಡೆಯುತ್ತದೆ ಎಂದು ಹೇಳುವವರ ಮಾತು ಮಾತ್ರ ನಂಬಬೇಡಿ. ಒಂದು ಕಾರ್ಡಿಗೆ ಹಿಡಿಯುವ ಹೊತ್ತನ್ನು ಕೂಲಿಗೆ ಹಿಡಿದರೆ ಕೊಳ್ಳುವವರು ಸಿಗುವುದಿಲ್ಲ.

ಈ ಸಂಕ್ರಾಂತಿಗೆ ಸೀಲು ಮಾಡಿಸುವ ಮನಸ್ಸಿದ್ದರೆ ಚಿತ್ರವನ್ನು ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಲ್ಲಿ, ಬೇಕಾದ ಅಳತೆಯ ಎರಡರಷ್ಟು ದೊಡ್ಡದಾಗಿ ಬರೆದುಕೊಂಡು ಹೋಗಿ. ಪೆನ್ಸಿಲಿನ ನೆರಳು ಸೀಲಿನಲ್ಲಿ ಬರುವುದಿಲ್ಲ. ಕನ್ನಡ ಅಕ್ಷರವಿದ್ದರೆ ಒತ್ತಕ್ಷರಕ್ಕೂ ಮೇಲಿನ ಅಕ್ಷರಕ್ಕೂ ನಡುವೆ ಜಾಗ ಬಿಡಿ, ಇಲ್ಲದಿದ್ದರೆ ಶಾಯಿ ಅಲ್ಲಿ ತುಂಬಿಕೊಂಡು 'ಸಂಕ್ರಾಂತಿ'ಯ ಕ್ರಾವತ್ತು ಮುದ್ದೆಯಾಗುತ್ತದೆ. ಅಂಗಡಿಯಲ್ಲೇ ಒಂದು ಸಲ ಪ್ಯಾಡಿಗೆ ಒತ್ತಿ, ಹಾಳೆಯ ಮೇಲೆ ಒತ್ತಿ ನೋಡಿಕೊಂಡೇ ದುಡ್ಡು ಕೊಡಿ.