ಮಕ್ಕಳ ಪರವಾಗಿ ಶಾಸಕರ ಮುಂದೆ ನಿಲ್ಲುವುದು ಹೇಗೆ?

(ಆರ್.ಟಿ. ನಗರದಲ್ಲಿ ನಡೆದ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್‌ನ ಪರವಾಗಿ ಮಾಡಿದ ಭಾಷಣ)

 

ವೇದಿಕೆಯ ಮೇಲಿರುವ ಹಿರಿಯರೇ, ದಾನಿಗಳೇ, ಶಿಕ್ಷಕರೇ, ತಾಯಂದಿರೇ, ತಂದೆಯಂದಿರೇ, ಪ್ರೀತಿಯ ಮಕ್ಕಳೇ,

ಇಂದು ವಿದ್ಯಾರ್ಥಿವೇತನ ಪಡೆಯುತ್ತಿರುವ ಎಲ್ಲ ಮಕ್ಕಳಿಗೂ ಮುಬಾರಕ್. ನಿಮ್ಮ ಝಕಾತ್ ಮತ್ತು ಸದಕಾ ಹಣದಿಂದ ಈ ಕೆಲಸ ನಡೆಯುತ್ತಿದೆ. ಅಲ್ಲಾಹನು ಅದನ್ನು ಸ್ವೀಕರಿಸಲಿ. ಆದರೆ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಾವು ಕೊಡುವುದು ಒಂದು ಮಗುವಿನ ಒಂದು ವರ್ಷದ ನೆರವು. ಸರ್ಕಾರದ ಒಂದು ಆದೇಶ ಬದಲಾದರೆ ಲಕ್ಷಾಂತರ ಮಕ್ಕಳ ಲೆಕ್ಕವೇ ಬದಲಾಗುತ್ತದೆ. ಆದ್ದರಿಂದ ಕೊಡುವುದರ ಜೊತೆಗೆ ಕೇಳುವುದನ್ನೂ ನಾವು ಕಲಿಯಬೇಕು.

ನಮ್ಮ ಬಡಾವಣೆಗಳಲ್ಲಿ ಕಾಣುವ ಒಂದು ಮಗುವಿನ ಸ್ಥಿತಿ ನೋಡೋಣ. ತಂದೆ ಆಟೊ ಓಡಿಸುತ್ತಾರೆ, ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಮಗಳು ಹತ್ತಿರದ ಕಡಿಮೆ ಫೀಸಿನ ಖಾಸಗಿ ಶಾಲೆಯಲ್ಲಿ ಆರನೇ ತರಗತಿ. ಈ ಮಗುವಿನ ಮೇಲೆ ಎರಡು ನಿರ್ಧಾರಗಳು ಬಿದ್ದಿವೆ.

ಮೊದಲನೆಯದು ರಾಜ್ಯದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಖಾಸಗಿ ಶಾಲೆಗಳ ಆರಂಭದ ತರಗತಿಯಲ್ಲಿ ಶೇಕಡ 25 ಸೀಟುಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಉಚಿತವಾಗಿ ಕೊಡಬೇಕೆಂದು ಅದು ಹೇಳಿತು. 2019ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಎಂದಾಯಿತು. ಖಾಸಗಿ ಶಾಲೆಗೆ ಹಣ ಕೊಡುತ್ತಾ ಹೋದರೆ ಸರ್ಕಾರಿ ಶಾಲೆ ಖಾಲಿಯಾಗುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಆ ಕಾರಣದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಬೆಂಗಳೂರಿನಲ್ಲಿ ಸರ್ಕಾರಿ ಶಾಲೆಯಿಲ್ಲದ ನೆರೆಹೊರೆ ಹುಡುಕುವುದೇ ಕಷ್ಟ, ಹೀಗಾಗಿ ಬಾಗಿಲು ಬಹುಮಟ್ಟಿಗೆ ಮುಚ್ಚಿತು.

ಎರಡನೆಯದು ಕೇಂದ್ರದ್ದು. ಸಾಚಾರ್ ಸಮಿತಿ 2006ರಲ್ಲಿ ವರದಿ ಕೊಟ್ಟ ಮೇಲೆ, 2008ರಲ್ಲಿ ಅಲ್ಪಸಂಖ್ಯಾತ ಮಕ್ಕಳಿಗೆ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಶುರುವಾಯಿತು. ಒಂದರಿಂದ ಹತ್ತನೇ ತರಗತಿಯವರೆಗೆ ಸಿಗುತ್ತಿತ್ತು. 2022ರ ನವೆಂಬರ್‌ನಲ್ಲಿ, ಆ ವರ್ಷದ ಅರ್ಜಿಗಳನ್ನು ಪೋಷಕರು ಹಾಕಿಯಾದ ಮೇಲೆ, ಇನ್ನು ಒಂಬತ್ತು ಮತ್ತು ಹತ್ತನೇ ತರಗತಿಗೆ ಮಾತ್ರ ಎಂದು ತಿಳಿಸಲಾಯಿತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿಯವರೆಗೆ ಶಿಕ್ಷಣ ಉಚಿತ, ಹಾಗಾಗಿ ಬೇಕಿಲ್ಲ ಎಂಬುದು ಕಾರಣ.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಕಾಯ್ದೆಯಡಿ ಶಿಕ್ಷಣ ಉಚಿತ ಎಂದು ಒಬ್ಬರು ವಿದ್ಯಾರ್ಥಿವೇತನ ನಿಲ್ಲಿಸಿದರು. ಅದೇ ಕಾಯ್ದೆಯಡಿಯ ಉಚಿತ ಸೀಟನ್ನು ಇನ್ನೊಬ್ಬರು ಅದಕ್ಕೂ ಮೊದಲೇ ಕಡಿಮೆ ಮಾಡಿದ್ದರು. ನಡುವೆ ನಿಂತದ್ದು ನಮ್ಮ ಆರನೇ ತರಗತಿಯ ಹುಡುಗಿ. ಸರ್ಕಾರಿ ಶಾಲೆಗೆ ಹೋಗುವ ಮಗುವಿಗೂ ನೋಟ್ ಪುಸ್ತಕ, ಬಸ್ ಚಾರ್ಜು ಇದ್ದೇ ಇದೆ.

ಹಾಗಾದರೆ ಯಾರನ್ನು ಕೇಳಬೇಕು? ಮೊದಲ ಪಾಠ ಇದೇ. ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಕೇಂದ್ರದ ವಿಷಯ, ಅದಕ್ಕೆ ನಮ್ಮ ಸಂಸದರು. ಶೇಕಡ 25ರ ನಿಯಮ, ಶಿಕ್ಷಕರ ನೇಮಕ, ಸರ್ಕಾರಿ ಶಾಲೆಯ ಕೊಠಡಿ ಮತ್ತು ಶೌಚಾಲಯ, ಅಂಗನವಾಡಿ, ಇವು ರಾಜ್ಯದ ಕೈಯಲ್ಲಿವೆ, ಅದಕ್ಕೆ ಶಾಸಕರು. ಶಾಲೆಯ ಮುಂದಿನ ಫುಟ್‌ಪಾತ್, ಚರಂಡಿ, ಕಸ ಪಾಲಿಕೆಯದು. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಆ ಭಾರವೂ ಶಾಸಕರ ಮೇಲೇ ಬಿತ್ತು. ಕ್ಷೇತ್ರವನ್ನೂ ಸರಿಯಾಗಿ ನೋಡಿಕೊಳ್ಳಿ. ಆರ್.ಟಿ. ನಗರ ಹೆಬ್ಬಾಳ ಕ್ಷೇತ್ರದಲ್ಲಿದೆ, ಪಕ್ಕದ ಕಾವಲ್ ಬೈರಸಂದ್ರ ಪುಲಕೇಶಿನಗರದಲ್ಲಿದೆ. ಎರಡೂ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ.

ಎರಡನೆಯ ಪಾಠ, ಏನು ತೆಗೆದುಕೊಂಡು ಹೋಗಬೇಕು ಎಂಬುದು. ಶಾಸಕರ ಕಚೇರಿಗೆ ನಾವು ರೇಷನ್ ಕಾರ್ಡಿಗೆ, ಆಸ್ಪತ್ರೆಯ ಪತ್ರಕ್ಕೆ, ಪಿಂಚಣಿಗೆ ಹೋಗುತ್ತೇವೆ. ಮಕ್ಕಳ ವಿಷಯಕ್ಕೆ ಹೋಗುವವರು ಕಡಿಮೆ. ಹೋದರೂ "ನಮ್ಮ ಮಕ್ಕಳಿಗೆ ಏನಾದರೂ ಮಾಡಿ ಸಾರ್" ಎಂದು ಹೇಳಿ ಬರುತ್ತೇವೆ. ಅದಕ್ಕೆ "ನೋಡೋಣ" ಎಂಬ ಉತ್ತರವಷ್ಟೇ ಸಿಗಲು ಸಾಧ್ಯ. ಒಂದೇ ಪುಟದ ಕಾಗದ ಸಾಕು. ನಮ್ಮ ಬೀದಿಯಲ್ಲಿ ಒಂದರಿಂದ ಎಂಟನೇ ತರಗತಿಯ ಎಷ್ಟು ಮಕ್ಕಳಿದ್ದಾರೆ, 2022ಕ್ಕೆ ಮೊದಲು ಎಷ್ಟು ಮಕ್ಕಳಿಗೆ ಹಣ ಬರುತ್ತಿತ್ತು, ನಿಂತ ಮೇಲೆ ಎಷ್ಟು ಮಕ್ಕಳು ಶಾಲೆ ಬದಲಿಸಿದರು ಅಥವಾ ಬಿಟ್ಟರು. ಕೊನೆಯಲ್ಲಿ ಒಂದೇ ಬೇಡಿಕೆ: "ಈ ವಿಷಯವನ್ನು ಸದನದಲ್ಲಿ ಪ್ರಶ್ನೆಯಾಗಿ ಕೇಳಿ." ಪ್ರಶ್ನೆ ಅಂಗೀಕಾರವಾದರೆ ಮಂತ್ರಿಗಳು ಉತ್ತರ ಕೊಡಬೇಕು, ಅದು ದಾಖಲೆಯಾಗಿ ಉಳಿಯುತ್ತದೆ. ಕಾಗದದಲ್ಲಿ ಮಕ್ಕಳ ಹೆಸರು ಬೇಡ, ಫೋಟೊ ಬೇಡ, ಲೆಕ್ಕ ಸಾಕು. ಪ್ರತಿಯೊಂದನ್ನು ಇಟ್ಟುಕೊಂಡು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.

ಮೂರನೆಯ ಪಾಠ ಸಮಯದ್ದು. ಬಜೆಟ್ ಮಂಡನೆಯಾದ ಮರುದಿನ ಹೋದರೆ ಒಂದು ವರ್ಷ ಕಾಯಬೇಕು. ಕೇಂದ್ರದ ಬಜೆಟ್ ಫೆಬ್ರುವರಿಯಲ್ಲಿ, ರಾಜ್ಯದ್ದು ಸಾಮಾನ್ಯವಾಗಿ ಅದರ ನಂತರ. ನವೆಂಬರ್, ಡಿಸೆಂಬರ್‌ನಲ್ಲೇ ಕಾಗದ ಅವರ ಕೈಯಲ್ಲಿರಬೇಕು. ಕೊಟ್ಟು ಸುಮ್ಮನಾಗಬಾರದು. ಮೂರು ವಾರ ಬಿಟ್ಟು ಅದೇ ನಾಲ್ಕು ಜನ ಮತ್ತೆ ಹೋಗಿ, ಏನಾಯಿತು ಎಂದು ಮರ್ಯಾದೆಯಿಂದ ಕೇಳಬೇಕು.

ಇದರಿಂದ ಏನಾದರೂ ಆಗುತ್ತದೆಯೇ ಎಂದು ಕೆಲವರು ಕೇಳಬಹುದು. ಶಾಲೆಯ ಮೊಟ್ಟೆಯನ್ನೇ ನೋಡಿ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ವಿರೋಧ ಬಂತು. ನಮಗೆ ಮೊಟ್ಟೆ ಬೇಕು ಎಂದು ಮಕ್ಕಳೇ ಹೇಳಿದರು. ಯಾದಗಿರಿಯ ಮಕ್ಕಳ ತೂಕ, ಎತ್ತರ ಅಳೆದ ವರದಿಯೂ ಬಂತು. ಮುಂದೆ ಅದು ಇಡೀ ರಾಜ್ಯಕ್ಕೆ ಹರಡಿತು, ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಎಂದಾಯಿತು.

ಮಹಾರಾಷ್ಟ್ರದಲ್ಲಿಯೂ 2024ರ ಫೆಬ್ರುವರಿಯಲ್ಲಿ ನಮ್ಮ 2019ರ ನಿಯಮದಂಥದ್ದೇ ಬಂತು. ವಿಷಯ ನ್ಯಾಯಾಲಯಕ್ಕೆ ಹೋಯಿತು. ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಲಿಸಲಿಲ್ಲ. ನಮ್ಮಲ್ಲಿ ಹೈಕೋರ್ಟ್ 2019ರಲ್ಲೇ ನಿಯಮವನ್ನು ಎತ್ತಿಹಿಡಿದಿದೆ. ಆದರೆ ಸರ್ಕಾರ ಮಾಡಿದ ನಿಯಮವನ್ನು ಸರ್ಕಾರವೇ ತಿದ್ದಬಹುದು. ಅದಕ್ಕೇ ಶಾಸಕರ ಬಳಿ ಹೋಗಬೇಕು ಎನ್ನುವುದು.

"ನಮಗೆ ಓದು ಬರಹ ಅಷ್ಟಿಲ್ಲ, ನಮ್ಮ ಮಾತು ಯಾರು ಕೇಳುತ್ತಾರೆ?" ಎನ್ನುವ ತಾಯಂದಿರಿಗೆ ಒಂದು ಮಾತು. ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಕಾಯ್ದೆಯೇ ಹೇಳಿದೆ. ನಿಮ್ಮ ಮಾತಿಗೆ ಆ ಜಾಗ ಈಗಾಗಲೇ ಇದೆ. ಕನ್ನಡದಲ್ಲಿ ಕಾಗದ ಬರೆದುಕೊಡಲು ನಮ್ಮ ಹಳೆಯ ವಿದ್ಯಾರ್ಥಿಗಳಿದ್ದಾರೆ. ಆ ಪದವೀಧರರಿಗೆ ಇನ್ನೊಂದು ಕೆಲಸವೂ ಇದೆ. ಡಿಗ್ರಿ ಮುಗಿದು ಮೂರು ವರ್ಷವಾದವರು ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಮತದಾರರಾಗಬಹುದು. ಈ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ, ಪ್ರತಿ ಸಲವೂ ಅರ್ಜಿ ಹಾಕಲೇಬೇಕು. ಹೆಸರಿಲ್ಲದ ಪಟ್ಟಿಯಿಂದ ಮಕ್ಕಳಿಗಾಗಿ ಮಾತಾಡಲು ಆಗುವುದಿಲ್ಲ.

ಮಕ್ಕಳಿಗೆ ವೋಟಿಲ್ಲ. ಅವರ ಪರವಾಗಿ ನಡೆದು ಹೋಗಬೇಕಾದವರು ನಾವು. ಇದು ನಮ್ಮ ಸಮುದಾಯದ ಮಕ್ಕಳ ಮಾತಷ್ಟೇ ಅಲ್ಲ. ಶೌಚಾಲಯದ ನೀರು, ಖಾಲಿ ಇರುವ ಶಿಕ್ಷಕರ ಹುದ್ದೆ ಎಲ್ಲ ಮನೆಗಳ ಮಕ್ಕಳದ್ದು. ಪಕ್ಕದ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಮುಂದಿನ ವರ್ಷದ ವಿದ್ಯಾರ್ಥಿವೇತನದ ಅರ್ಜಿಯ ಜೊತೆ ಒಂದು ಹಾಳೆ ಇರುತ್ತದೆ. ಯಾವ ತರಗತಿ, ಯಾವ ಬಗೆಯ ಶಾಲೆ, ಸರ್ಕಾರಿ ನೆರವು ಯಾವಾಗ ನಿಂತಿತು, ಇಷ್ಟೇ ಪ್ರಶ್ನೆಗಳು. ಹೆಸರು ಬರೆಯಬೇಕಿಲ್ಲ. ತುಂಬುವುದು ನಿಮ್ಮ ಇಷ್ಟ, ತುಂಬದಿದ್ದರೂ ಅರ್ಜಿಗೆ ತೊಂದರೆಯಿಲ್ಲ. ಆ ಲೆಕ್ಕವನ್ನು ಒಂದು ಪುಟಕ್ಕಿಳಿಸಿ ಡಿಸೆಂಬರ್‌ಗೆ ಮೊದಲು ಶಾಸಕರಿಗೆ ಮತ್ತು ಸಂಸದರಿಗೆ ಕೊಡುತ್ತೇವೆ. ಪ್ರತಿ ಬೀದಿಯಿಂದ ಇಬ್ಬರು ತಾಯಂದಿರು ನಮ್ಮ ಜೊತೆ ಬರಬೇಕು. ಬರುವವರು ಇಂದೇ ಬಾಗಿಲ ಬಳಿಯ ಮೇಜಿನಲ್ಲಿ ಹೆಸರು ಕೊಡಿ.